ಅತ್ತೆಯವರು ಕೊಟ್ಟ ಅಂಕ

ನನ್ನ ಸ್ವಭಾವ ಎಂಥದ್ದೆಂದು ಕಂಪ್ಯೂಟರನ್ನು ಮೊದಲ ಸಲ ಕೇಳಿದಾಗ ನನಗೆ ನಲವತ್ತೇಳು ವರ್ಷ. ಹೇಳಲು ಬರುವುದಿಲ್ಲ ಎಂದು ಅದು ಕೈಚೆಲ್ಲಿತು.

ವಾಹನಗಳ ಬಿಡಿಭಾಗ ಮಾಡುವ ಪುಣೆಯ ಒಂದು ಕಾರ್ಖಾನೆಯಲ್ಲಿ ನನ್ನ ನೌಕರಿ. ಮಾಲು ಹೊರಗೆ ಕಳಿಸುವ ವಿಭಾಗದಲ್ಲಿ ಇಪ್ಪತ್ತು ವರ್ಷ ಚಲನ್ ಬರೆದಿದ್ದೆ. ಹೋದ ವರ್ಷ ಆ ಕೆಲಸವೆಲ್ಲ ಯಂತ್ರಕ್ಕೆ ಹೋಗಲಿದೆ, ನಿಮಗೆಲ್ಲ ಬೇರೆ ಬೇರೆ ಜಾಗ ಕೊಡುತ್ತೇವೆ ಎಂಬ ಸುದ್ದಿ ಬಂತು. ಯಾರಿಗೆ ಯಾವ ಜಾಗ ಹೊಂದುತ್ತದೆಂದು ತಿಳಿಯಲು ಎಲ್ಲರಿಗೂ ಕಂಪ್ಯೂಟರಿನ ಮೇಲೆ ವ್ಯಕ್ತಿತ್ವ ಪರೀಕ್ಷೆ. ಅರವತ್ತು ವಾಕ್ಯಗಳು, ಪ್ರತಿಯೊಂದರ ಮುಂದೆ ಐದು ಮನೆಗಳು. ಒಂದು ಎಂದರೆ ಖಂಡಿತ ಇಲ್ಲ, ಐದು ಎಂದರೆ ಖಂಡಿತ ಹೌದು.

ಖಾಲಿಯಿದ್ದ ಜಾಗಗಳಲ್ಲಿ ಎರಡು ನನಗೆ ಸಿಗಬಹುದಾದವು. ಒಂದು ಹಳೆಯ ಕಾಗದಪತ್ರಗಳ ಖೋಲಿ. ಇನ್ನೊಂದು ಹೊಸದಾಗಿ ತೆರೆಯಲಿದ್ದ ತರಬೇತಿ ಖೋಲಿ. ಕೆಲಸಕ್ಕೆ ಸೇರುವವರಲ್ಲಿ ಅರ್ಧದಷ್ಟು ಮಂದಿ ಯಾದಗಿರಿ, ಕಲಬುರಗಿ ಕಡೆಯವರು. ಮರಾಠಿ ಇನ್ನೂ ನಾಲಿಗೆಗೆ ಹತ್ತಿರುವುದಿಲ್ಲ. ಅವರನ್ನು ಹದಿನೈದು ದಿನ ಕೂಡಿಸಿಕೊಂಡು ಅಳತೆ ನೋಡುವುದು, ಮಾಲು ಆರಿಸುವುದು ಕಲಿಸಬೇಕು. ಆ ಖೋಲಿಯ ಬಾಗಿಲಿಗೆ ಬಣ್ಣ ಹಚ್ಚುವಾಗಲೇ ನಾನು ಎರಡು ಸಲ ನೆಪ ಮಾಡಿಕೊಂಡು ಆ ಕಡೆ ಹಾಯ್ದು ಬಂದಿದ್ದೆ. ಅಷ್ಟು ಮನಸ್ಸಾಗಿತ್ತು. ಯಾರಿಗೂ ಹೇಳಿರಲಿಲ್ಲ, ಅಷ್ಟೆ.

ಪರೀಕ್ಷೆಗೆ ಕೂತೆ. ಮೊದಲ ವಾಕ್ಯವೇ, ‘ನಾನು ಇತರರನ್ನು ಮುನ್ನಡೆಸಬಲ್ಲೆ.’ ಈಗ ಇದಕ್ಕೆ ಏನು ಬರೆಯುವುದು? ನನ್ನನ್ನು ಬೆಳೆಸಿದ್ದು ಧಾರವಾಡದ ಅಜ್ಜಿ. ಹೊಗಳಿಕೆ ಮಂದಿಯ ಬಾಯಲ್ಲಿರಬೇಕು, ತಪ್ಪು ನಮ್ಮ ಬಾಯಲ್ಲಿರಬೇಕು ಎನ್ನುವವಳು. ಹೋಳಿಗೆ ಯಾರು ಮಾಡಿದ್ದೆಂದು ಬಂದವರು ಕೇಳಿದರೆ, ಕೈ ತುಂಬ ಕಣಕ ಮೆತ್ತಿಕೊಂಡೇ “ಯಾರೋ ಮಾಡ್ಯಾರ್ರಿ, ನೀವು ತಿನ್ರಿ” ಎನ್ನುತ್ತಿದ್ದಳು. ಅಂಥವಳ ಮೊಮ್ಮಗಳು ಐದು ಒತ್ತಲಾದೀತೇ? ಹಾಗಂತ ಒಂದು ಒತ್ತಿದರೆ ಅದೂ ಸುಳ್ಳು. ನಡುವಿನ ಮೂರು ಒತ್ತಿದೆ. ಎರಡನೆಯದಕ್ಕೂ ಬಹಳ ಯೋಚಿಸಿದೆ, ಮೂರು. ಅರವತ್ತನ್ನೂ ಹೀಗೆ ಪ್ರಾಮಾಣಿಕವಾಗಿ ಯೋಚಿಸಿ ಯೋಚಿಸಿ ಮುಗಿಸುವ ಹೊತ್ತಿಗೆ ಉಳಿದವರೆಲ್ಲ ಚಹಾ ಕುಡಿದು ಬಂದಿದ್ದರು.

ಮರುದಿನ ಎಚ್ಆರ್ ಹುಡುಗಿ ನನ್ನನ್ನು ಕರೆದಳು. ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡ ಮರಾಠಿ ಹುಡುಗಿ, ನಗುಮುಖದವಳು.

“ಕಾಕೂ, ಸಗಳೇ ತೀನ?” ಎಂದಳು. ಎಲ್ಲಾ ಮೂರೇ?

ಕಾಗದದ ಮೇಲೆ ನನ್ನ ವ್ಯಕ್ತಿತ್ವದ ಗೆರೆ ಸೋಲಾಪುರ ಹೆದ್ದಾರಿಯ ಹಾಗೆ ಏರಿಲ್ಲದೆ ಇಳಿತವಿಲ್ಲದೆ ಮಲಗಿತ್ತು. ಕೆಳಗೆ ಷರಾ ಬೇರೆ: ಉತ್ತರಿಸಿದವರು ವಾಕ್ಯಗಳನ್ನು ಓದಿದಂತಿಲ್ಲ.

ಓದಿದಂತಿಲ್ಲವಂತೆ! ಇಡೀ ವಿಭಾಗದಲ್ಲಿ ಓದಿದವಳು ನಾನೊಬ್ಬಳೇ ಇರಬೇಕು.

ಹುಡುಗಿ ನಕ್ಕು ಸಮಾಧಾನ ಮಾಡಿದಳು. ಇದಕ್ಕೊಂದು ಜೋಡಿ ಹಾಳೆ ಇದೆಯಂತೆ. ಅದೇ ಅರವತ್ತು ವಾಕ್ಯ, ಆದರೆ ತುಂಬುವವರು ನಮ್ಮನ್ನು ಹತ್ತು ವರ್ಷವಾದರೂ ಹತ್ತಿರದಿಂದ ಬಲ್ಲವರಾಗಿರಬೇಕು. ನಮಗೆ ನಾವು ಕಂಡದ್ದು, ಅವರಿಗೆ ನಾವು ಕಂಡದ್ದು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ನಮಗೇ ಗೊತ್ತಿಲ್ಲದ್ದು ಗೊತ್ತಾಗುತ್ತದೆ ಎಂದಳು. ಶನಿವಾರದೊಳಗೆ ತರಬೇಕು. ತರದಿದ್ದರೆ ಸಾಹೇಬರು ಇದೇ ಹಾಳೆ ನೋಡಿ ಜಾಗ ಗೊತ್ತು ಮಾಡುತ್ತಾರೆ. ಸೋಲಾಪುರ ಹೆದ್ದಾರಿಗೆ ಯಾವ ಖೋಲಿ ಸಿಗುತ್ತದೆಂದು ಕೇಳುವ ಅಗತ್ಯವಿರಲಿಲ್ಲ. ಆಗಲೇ ಹಳೆಯ ಕಾಗದದ ವಾಸನೆ ಮೂಗಿಗೆ ಬಡಿಯಿತು.

ಖಡಕಿಯ ನಮ್ಮ ಮನೆಯಲ್ಲಿ ಮೂವರು, ಯಜಮಾನರು, ಅತ್ತೆಯವರು, ನಾನು. ಮಗಳು ಓದಲು ಹಾಸ್ಟೆಲ್ಲಿನಲ್ಲಿದ್ದಾಳೆ. ಹಾಳೆಯನ್ನು ಮೊದಲು ಯಜಮಾನರ ಮುಂದೆ ಇಟ್ಟೆ. ಅವರು ಕನ್ನಡಕವನ್ನೂ ಹಾಕಿಕೊಳ್ಳದೆ ಪೆನ್ನು ತೆಗೆದರು.

“ಎಲ್ಲಾದಕ್ಕೂ ಐದು ಹಾಕತೀನಿ. ನಾ ಈ ಮನ್ಯಾಗ ಇನ್ನೂ ಉಣ್ಣೂದದ.”

ಅಡಿಗೆಮನೆಯ ಹೊಸ್ತಿಲಲ್ಲಿ ಮೆಂತ್ಯ ಸೊಪ್ಪು ಸೋಸುತ್ತಿದ್ದ ಅತ್ತೆಯವರು ತಲೆ ಎತ್ತಿದರು. “ತಾ ಇಲ್ಲೆ. ತನ್ನ ಬೆನ್ನು ತನಗ ಕಾಣೂದಿಲ್ಲ ಅಂತಾರ. ಈಕಿ ಬೆನ್ನು ನಾ ಇಪ್ಪತ್ತೆರಡು ವರ್ಷ ನೋಡೀನಿ.”

ಅಲ್ಲಿಗೆ ಅದು ಅವರ ಕೈಗೆ ಹೋಯಿತು. ಹಾಳೆ ಇದ್ದದ್ದು ಇಂಗ್ಲಿಷಿನಲ್ಲಿ, ಮರಾಠಿಯಲ್ಲಿ. ಅತ್ತೆಯವರು ಓದುವುದು ಕನ್ನಡ ಮಾತ್ರ. ಆದ್ದರಿಂದ ನನ್ನ ಬಗೆಗಿನ ಒಂದೊಂದು ವಾಕ್ಯವನ್ನೂ ನಾನೇ ಕನ್ನಡದಲ್ಲಿ ಅವರಿಗೆ ಓದಿ ಹೇಳಬೇಕು. ಅತ್ತೆಯ ಮುಂದೆ ನಿಂತು ‘ಈಕಿ ಭಾಳ ಜವಾಬ್ದಾರಿ ಮನಶಾಳು’ ಎಂದು ತನ್ನ ಬಗ್ಗೆ ತಾನೇ ಹೇಳುವ ನಾಚಿಕೆಯನ್ನು ಯಾವ ಸೊಸೆಗೂ ದೇವರು ಕೊಡಬಾರದು.

ಅತ್ತೆಯವರದು ಒಂದು ಪದ್ಧತಿ. ನಡೆದ ಸಂಗತಿ ನೆನಪಾಗದೆ ಅಂಕ ಇಲ್ಲ.

“ಗುರ್ತಿಲ್ಲದವರ ಕೂಡ ಸಲೀಸಾಗಿ ಮಾತಾಡ್ತಾಳು,” ಎಂದು ಓದಿದೆ.

“ಇಂದಾಪುರಕ್ಕ ಲಗ್ನಕ್ಕ ಹೊಂಟಾಗ ಬಸ್ಸಿನ್ಯಾಗ ಆ ಹೆಣ್ಮಗಳು ತನ್ನ ಕೂಸಿನ್ನ ನಿನ್ನ ತೊಡಿ ಮ್ಯಾಲೆ ಹಾಕಿ ನಿದ್ದಿ ಮಾಡಿದ್ಲಿಲ್ಲ? ಹತ್ತು ಮಿನಿಟಿನ ಗುರ್ತು. ಐದು ಹಾಕು.”

“ಹಿಡಿದ ಕೆಲಸ ಮುಗಸೇ ಬಿಡ್ತಾಳು.”

“ಆ ಟ್ರಂಕಿನಾಗಿನ ಕೌದಿ?”

ಮಗಳು ಹುಟ್ಟುವ ಮೊದಲು ಹೊಲಿಯಲು ಹಿಡಿದ ಕೌದಿ ಅದು. ಮಗಳಿಗೀಗ ಹತ್ತೊಂಬತ್ತು.

“ಎರಡು ಹಾಕು. ಒಂದು ಮೂಲಿ ಆಗೇದಂತ ಎರಡು.”

“ಸಿಟ್ಟಿಗೇಳೂದಿಲ್ಲ, ತಾಳ್ಮಿ ಇರತದ.” ಇದನ್ನು ಸ್ವಲ್ಪ ಜೋರಾಗಿಯೇ ಓದಿದೆ. ತಾಳ್ಮೆಯ ವಿಷಯದಲ್ಲಿ ನನಗೆ ಭರವಸೆಯಿತ್ತು.

“ಒಂದು.”

“ಅತ್ಯಾರ! ನಾ ಯಾವಾಗರೆ ದನಿ ಏರಿಸೀನೇನ್ರಿ?”

“ನೀ ಏರಸೂದಿಲ್ಲ, ಪಾತ್ರಿ ಏರಸ್ತಾವ. ನಿನಗ ಸಿಟ್ಟು ಬಂದದ್ದು ಕೆಳಗಿನ ಮನಿಯವರಿಗೆ ನನಗಿಂತ ಮೊದಲ ಗೊತ್ತಾಗ್ತದ.”

ಯಜಮಾನರು ಪೇಪರಿನ ಹಿಂದೆ ಕೆಮ್ಮಿದರು. ಕೆಮ್ಮಲ್ಲ ಅದು, ನಗು.

ಆದರೆ ಅದೇ ಸಂಜೆ ‘ಕಲಿಸುವುದು ಇಷ್ಟ’ ಎಂಬ ವಾಕ್ಯ ಬಂದಾಗ ಅತ್ತೆಯವರು ಸೊಪ್ಪು ಬದಿಗಿಟ್ಟರು. “ಫೋನಿನ್ಯಾಗ ಮಾರಿ ನೋಡಿ ಮಾತಾಡೂದು ನನಗ ಎಪ್ಪತ್ಮೂರಕ್ಕ ಕಲಿಸಿದಾಕಿ ಈಕಿ. ನಲವತ್ತು ಸಲ ಕೇಳಿದೆ. ನನ್ನ ಮಗ ಮೂರನೇ ಸಲಕ್ಕ ಎದ್ದು ಹೋದ, ಈಕಿ ಕೂತಳು.” ಆಮೇಲೆ ತಮಗೇ ಏನೋ ಹೊಳೆದಂತೆ ನನ್ನ ಕಡೆ ತಿರುಗಿದರು. “ಹಂಗಾರ ತಾಳ್ಮಿ ಅದ ನಿನಗ. ವಸ್ತು ಕೂಡ ಇಲ್ಲ, ಮಂದಿ ಕೂಡ ಅದ. ಹಂಗ ಬರೀಲಿಕ್ಕೆ ಜಾಗಾ ಅದ ಏನು ಅದರಾಗ?”

ಜಾಗ ಇರಲಿಲ್ಲ. ನಾನು ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡೆ. ಇಪ್ಪತ್ತು ವರ್ಷ ವಸ್ತುಗಳ ಲೆಕ್ಕ ಬರೆದವಳಿಗೆ ಇದನ್ನು ಯಾರೂ ಹೇಳಿರಲಿಲ್ಲ.

ಎರಡನೆಯ ಸಂಜೆ ನಲವತ್ತೊಂದನೆಯ ವಾಕ್ಯಕ್ಕೆ ಬಂದೆವು. “ತನಗ ಏನು ಬೇಕು ಅನ್ನೂದು ಬಾಯಿ ಬಿಟ್ಟು ಕೇಳ್ತಾಳು.”

“ಐದು,” ಎಂದರು ಅತ್ತೆಯವರು, ತಡವಿಲ್ಲದೆ. “ನನ್ನ ಮನ್ಯಾಗ ಕೇಳಲಿಕ್ಕೆ ಯಾಕ ಅಂಜಬೇಕು? ಬದನೀಕಾಯಿ ಎಣ್ಣೆಗಾಯಿ ಅಂದ್ರ ಈಕಿಗೆ ಜೀವ. ಪ್ರತಿ ಹುಟ್ಟಿದ ದಿನಕ್ಕ ನಾ ನೆನಪಿಲೆ ಮಾಡತೀನಿ. ಹಾಕು ಐದು.”

ಪೆನ್ನು ಹಾಳೆಯ ಮೇಲೆ ನಿಂತುಬಿಟ್ಟಿತು.

ಮದುವೆಯಾಗಿ ಬಂದ ಮೊದಲ ದಿನ ಅತ್ತೆಯವರು ಎಣ್ಣೆಗಾಯಿ ಬಡಿಸಿ, “ಸೇರ್ತೇನವಾ?” ಎಂದಿದ್ದರು. ಬದನೆಕಾಯಿ ನನಗೆ ಹುಟ್ಟಿನಿಂದ ಸೇರದು. ತಿಂದರೆ ಗಂಟಲು ತುರಿಸುತ್ತದೆ. ಹೊಸ ಸೊಸೆ ಏನೆಂದಾಳು? “ಭಾಳ ಛಲೋ ಆಗೇದ್ರಿ” ಎಂದಿದ್ದೆ. ಆ ಒಂದು ಮಾತಿನ ಫಲವನ್ನು ಅಂದಿನಿಂದ ಉಣ್ಣುತ್ತಾ ಬಂದಿದ್ದೆ.

ಐದು ಹಾಕಿ ಮುಂದೆ ಹೋಗಬಹುದಿತ್ತು. ಆದರೆ ಹಾಳೆಯ ಮೇಲೆ, ನನ್ನ ಕೈಯಾರೆ, ಅಷ್ಟು ದೊಡ್ಡ ಸುಳ್ಳು ಬರೆಯಲು ಬರಲಿಲ್ಲ.

“ಅತ್ಯಾರ, ನನಗ ಬದನೀಕಾಯಿ ಸೇರೂದಿಲ್ರಿ.”

ಅತ್ತೆಯವರ ಕೈಯಲ್ಲಿದ್ದ ಸೊಪ್ಪಿನ ಕಡ್ಡಿ ಹಾಗೇ ಉಳಿಯಿತು. “ಯಾವಾಗಿಂದ?”

“ಮೊದಲಿಂದ್ರಿ.”

ಅವರು ಮಗನ ಕಡೆ ನೋಡಿದರು. “ನಿನಗ ಗೊತ್ತಿತ್ತೇನೋ?”

“ಗೊತ್ತಿರದ ಇಷ್ಟು ವರ್ಷ ಆಕಿ ತಾಟಿನಾಗಿಂದು ನಾ ಯಾಕ ತಿಂತಿದ್ದೆನವ್ವಾ?”

“ಅಯ್ಯ! ನಾ ಅದನ್ನ ಪ್ರೀತಿ ಅಂತ ತಿಳದಿದ್ದೆನಲ್ಲೋ!”

“ಹಂಗೂ ಅನ್ನಬಹುದು,” ಎಂದರು ಯಜಮಾನರು.

ನಾನು ನಕ್ಕೆ. ಅತ್ತೆಯವರು ನಗಲಿಲ್ಲ. ಸೊಪ್ಪಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದರು. ಆ ರಾತ್ರಿ ಬರೇ ಅನ್ನ, ಸಾರು. ಮರುದಿನವೂ ಅಷ್ಟೆ. ಶುಕ್ರವಾರ ಬಂತು. ಹಾಳೆಯಲ್ಲಿ ಇಪ್ಪತ್ತು ಮನೆಗಳು ಖಾಲಿ ಇದ್ದವು, ಕೇಳಲು ನನಗೆ ಬಾಯಿಲ್ಲ. ಬೆಳಿಗ್ಗೆ ಚಹಾದ ಕಪ್ಪು ಮುಂದಿಟ್ಟು ಅವರೇ ಎದುರಿಗೆ ಕೂತರು.

“ಒಂದು ಹೇಳು. ಇಪ್ಪತ್ತೆರಡು ವರ್ಷ ನಾ ಯಾರಿಗೆ ಅಡಗಿ ಮಾಡೀನಿ? ಎಣ್ಣೆಗಾಯಿ ತಿಂದು ಖುಷಿ ಆಗೋ ಸೊಸಿ ಒಬ್ಬಾಕಿ ಇದ್ಲು ನನಗ. ಬುಧವಾರದ ತನಕಾ ಇದ್ಲು. ಇನ್ನ ಇಲ್ಲ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಈ ಮಾತಿಗೆ ಕಣ್ಣು ತುಂಬಿತು. ವಿನಯ ಎಂದುಕೊಂಡು ನಾನು ನುಂಗಿದ್ದೆಲ್ಲ ಎದುರಿನವರಿಗೆ ಮಾಡಿದ ಮೋಸವೂ ಆಗಿರಬಹುದು ಎಂದು ನಮ್ಮಜ್ಜಿ ನನಗೆ ಹೇಳಿಕೊಟ್ಟಿರಲಿಲ್ಲ. ಪಾಪ, ಅವಳಿಗೂ ಯಾರೂ ಹೇಳಿರಲಿಕ್ಕಿಲ್ಲ.

“ತಪ್ಪಾತ್ರಿ,” ಎಂದೆ.

“ತಪ್ಪು ಒಪ್ಪೂದು ನಿನಗ ಬರತದ, ಅದಕ್ಕ ಐದು. ಬೇಕಾದ್ದು ಕೇಳೂದಕ್ಕ ಒಂದು ಹಾಕು. ಒಂದಕ್ಕಿಂತ ಕೆಳಗ ಇದ್ರ ಅದನ್ನ ಹಾಕು.” ನನ್ನ ಕಪ್ಪಿಗೆ ಇನ್ನಷ್ಟು ಚಹಾ ಬಗ್ಗಿಸಿದರು. “ಈಗ ಖರೇ ಹೇಳು. ಆ ಆಫೀಸಿನ್ಯಾಗ ನಿನಗ ಏನು ಬೇಕಾಗೇದ?”

ಹೇಳಿದೆ. ಬಣ್ಣ ಹಚ್ಚಿದ ಬಾಗಿಲಿನವರೆಗೆ ಎಲ್ಲ ಹೇಳಿದೆ.

“ಹೋಗಿ ಅಲ್ಲೂ ಹಿಂಗ ಹೇಳು. ಇಲ್ಲಾಂದ್ರ ರಿಟೈರ್ ಆಗೂತನಕಾ ಅವರು ನಿನಗ ಬದನೀಕಾಯಿನ ಬಡಸ್ತಾರ.”

ಉಳಿದ ವಾಕ್ಯಗಳನ್ನು ಆ ಸಂಜೆ ಒಂದೇ ಉಸಿರಿಗೆ ಮುಗಿಸಿದೆವು.

ಶನಿವಾರ ಸಾಹೇಬರ ಮೇಜಿನ ಮೇಲೆ ಎರಡೂ ಹಾಳೆ ಪಕ್ಕಪಕ್ಕ ಇದ್ದವು. ನನ್ನದು ಅದೇ ಹೆದ್ದಾರಿ. ಅತ್ತೆಯವರದು ಕಾತ್ರಜ್ ಘಾಟಿನಂತೆ ಏರುತ್ತಿತ್ತು, ಧಡಕ್ಕನೆ ಇಳಿಯುತ್ತಿತ್ತು. ಸಾಹೇಬರು ಮರಾಠಿಯಲ್ಲಿ ಕೇಳಿದರು, “ಇದರಲ್ಲಿ ನೀವು ಯಾರು?”

“ಇದು ಸರ್,” ಎಂದು ಘಾಟಿನ ಮೇಲೆ ಬೆರಳಿಟ್ಟೆ. “ನಮ್ಮ ಅತ್ತೆಯವರು ತುಂಬಿದ್ದು.”

“ಅತ್ತೆ ಇಷ್ಟೊಂದು ಐದು ಕೊಟ್ಟಿದ್ದಾರಾ?” ಎಂದು ಎಚ್ಆರ್ ಹುಡುಗಿ ಬೆರಗಾದಳು. ಅವಳ ಲಗ್ನ ಆಗಷ್ಟೇ ನಿಶ್ಚಯವಾಗಿತ್ತು.

ಸಾಹೇಬರ ಬೆರಳು ನಲವತ್ತೊಂದನೆಯ ಮನೆಯಲ್ಲಿ ನಿಂತಿತು. ಬೇಕಾದ್ದನ್ನು ಕೇಳುವುದು, ಒಂದು. ಅವರು ಹುಬ್ಬೇರಿಸಿದರು. ನನ್ನ ಬಾಯಿಗೆ ‘ಎಲ್ಲಿ ಹಾಕಿದರೂ ನಡೆಯುತ್ತದೆ ಸರ್’ ಎಂಬ ಮಾತು ಬಂದೇಬಿಟ್ಟಿತ್ತು. ನಾಲಿಗೆಯ ತುದಿಯಲ್ಲಿ ಅದಕ್ಕೆ ಎಣ್ಣೆಗಾಯಿಯ ರುಚಿ. ನುಂಗಿಕೊಂಡೆ.

“ಸರ್, ಮಲಾ ತೀ ಖೋಲೀ ಪಾಹಿಜೆ,” ಎಂದೆ. ನನಗೆ ಆ ಖೋಲಿ ಬೇಕು. “ತರಬೇತಿಯದು. ನಾನು ಚೆನ್ನಾಗಿ ಕಲಿಸುತ್ತೇನೆ.”

ಆಕಾಶವೇನೂ ಬೀಳಲಿಲ್ಲ. ಸಾಹೇಬರು ಏನನ್ನೋ ಗೀಚಿಕೊಂಡು, “ಮೂರು ತಿಂಗಳು ನೋಡೋಣ. ಇಷ್ಟು ದಿನ ಯಾಕೆ ಹೇಳಲಿಲ್ಲ?” ಎಂದರು.

ಮೊದಲ ತಂಡದಲ್ಲಿ ಒಂಬತ್ತು ಮಂದಿ ಬಂದರು. ತುಂಡಿನ ಅಳತೆ ನೋಡುವ ಗೇಜು ಹಿಡಿಯುವುದನ್ನು ಕನ್ನಡದಲ್ಲಿ ಬಿಡಿಸಿ ಬಿಡಿಸಿ ಹೇಳಿದೆ. “ತಿಳೀತೇನ್ರಿ?” ಎಂದೆ. ಒಂಬತ್ತೂ ತಲೆಗಳು ಒಟ್ಟಿಗೆ ಆಡಿದವು. “ತಿಳೀತ್ರಿ ಮೇಡಂ, ಭಾಳ ಛಲೋ ಹೇಳಿದ್ರಿ.”

ಬೇರೆ ಯಾರಾದರೂ ಆಗಿದ್ದರೆ ಮುಂದಿನ ಪಾಠಕ್ಕೆ ಹೋಗುತ್ತಿದ್ದರು. ಆ ತಲೆಯಾಡಿಸುವಿಕೆ ನನಗೆ ಒಳಗಿನಿಂದ ಗೊತ್ತು. ಇಪ್ಪತ್ತೆರಡು ವರ್ಷ ಅದನ್ನೇ ಆಡಿಸಿದವಳು ನಾನು. ಗೇಜನ್ನು ಒಬ್ಬೊಬ್ಬರ ಕೈಗೆ ಕೊಟ್ಟೆ. ಒಬ್ಬರಿಗೂ ಬರಲಿಲ್ಲ. ಮತ್ತೆ ಮೊದಲಿನಿಂದ ಹೇಳಿದೆ, ನಾಲ್ಕು ಸಲ. ನಾಲ್ಕನೆಯ ಸಲ ಯಾದಗಿರಿಯ ಹೆಣ್ಣುಮಗಳೊಬ್ಬಳು ಮೆಲ್ಲಗೆ, “ಇಲ್ರಿ ಅಕ್ಕಾರ, ನನಗ ಇನ್ನಾ ತಿಳೀವಲ್ದು” ಎಂದಳು. ಆ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಮನೆಗೆ ಬಂದು ಹೇಳಿದಾಗ ಅತ್ತೆಯವರು ಯೋಚನೆಗೆ ಬಿದ್ದರು. ಮರುದಿನ ನನ್ನ ಡಬ್ಬಿಯ ಜೊತೆ ಇನ್ನೊಂದು ದೊಡ್ಡ ಡಬ್ಬಿ. ತೆರೆದು ನೋಡುವ ಮೊದಲೇ ವಾಸನೆ ಹೊಡೆಯಿತು, ಎಣ್ಣೆಗಾಯಿ. “ನಿನಗಲ್ಲ. ಅವರಿಗೆ ಹಾಕು. ಖರೇ ಹೇಳ್ತಾರೇನು ನೋಡು.”

ಮಧ್ಯಾಹ್ನ ರೊಟ್ಟಿಯ ಜೊತೆ ಹಂಚಿದೆ. ಎಂಟು ಮಂದಿ “ಭಾಳ ಛಲೋ ಆಗ್ಯಾದ್ರಿ” ಎಂದರು. ಅದೇ ಹೆಣ್ಣುಮಗಳು ಒಂದು ತುತ್ತು ತಿಂದು, ನನ್ನ ಮುಖ ನೋಡಿ, ಧೈರ್ಯ ಮಾಡಿ, “ಉಪ್ಪು ಜರಾ ಕಮ್ಮಿ ಆಗ್ಯಾದ್ರಿ ಅಕ್ಕಾರ” ಎಂದಳು.

ಸಂಜೆ ಮನೆಯ ಮೆಟ್ಟಿಲು ಏರುವಾಗ ಹೇಳಲೋ ಬೇಡವೋ ಎಂದು ಎರಡು ಸಲ ನಿಂತೆ. ಆಮೇಲೆ ಹೇಳಿಯೇಬಿಟ್ಟೆ.

ಅತ್ತೆಯವರು ಖಾಲಿ ಡಬ್ಬಿ ತೆಗೆದುಕೊಂಡು, ತಳದಲ್ಲಿ ಉಳಿದ ಎಣ್ಣೆಯನ್ನು ಬೆರಳಿಂದ ಬಳಿದು ನಾಲಿಗೆಗೆ ಹಚ್ಚಿ ನೋಡಿದರು.

“ಹೌದು, ಕಮ್ಮಿನ ಆಗೇದ. ಯಾರು ಅಂದಾಕಿ? ಆಕಿಗೆ ಐದು ಹಾಕು.”