ಕೈ ಬೀಸಿದರೆ ಹೋಗಬೇಡ

ಹಳೇ ಕಾರು ಮಾರುವವನ ಕಣ್ಣಿಗೆ ಮನುಷ್ಯರೂ ಕಾರಿನಂತೆಯೇ ಕಾಣುತ್ತಾರೆ. ಮಿಸೆಸ್ ವರ್ನಾ ಕ್ವಾಮ್ ನನ್ನ ಅಂಗಡಿಯ ಅಂಗಳದಲ್ಲಿ ಮಾರಾಟಕ್ಕೆ ನಿಂತಿದ್ದರೆ ನಾನು ಹೀಗೆ ಚೀಟಿ ಅಂಟಿಸುತ್ತಿದ್ದೆ: ಎಪ್ಪತ್ತೊಂದು ವರ್ಷ ಓಡಿದ ಗಾಡಿ, ಎಡ ಮಂಡಿ ಬದಲಾಯಿಸಿದ್ದು, ಹಾರ್ನ್ ವಿಪರೀತ ಜೋರು, ಹೀಟರ್ ಇದ್ದ ಹಾಗಿಲ್ಲ, ಬ್ರೇಕು ಮಾತ್ರ ಹೊಚ್ಚ ಹೊಸದರಂತಿದೆ. ಒಬ್ಬನೇ ಮಾಲೀಕ, ಅವನೂ ಕೊನೆಯವರೆಗೆ ಹೆದರಿಕೊಂಡೇ ಇಟ್ಟುಕೊಂಡಿದ್ದ.

ಮಿನೆಸೋಟಾದ ನಮ್ಮ ಸಣ್ಣ ಊರಿನ ಶಾಲಾ ಬಸ್ಸನ್ನು ಅವರು ಮೂವತ್ತೊಂದು ವರ್ಷ ಓಡಿಸಿದರು. ನಾನೂ ಅದರಲ್ಲಿ ಕೂತವನೇ. ಸೀಟಿನಡಿ ಅಂಟಿಸಿದ ಚೂಯಿಂಗ್ ಗಮ್ಮನ್ನು ಎಲ್ಲರೆದುರು ನನ್ನಿಂದಲೇ ಕೆರೆಸಿದ್ದರು. ಈಗ ನನಗೆ ನಲವತ್ತಾರು, ಅಂಗಡಿಯ ಮೇಲೆ ನನ್ನದೇ ಹೆಸರಿನ ಬೋರ್ಡು. ಆದರೂ ಅವರು ಕಂಡರೆ ಬಾಯಲ್ಲಿದ್ದುದನ್ನು ಗುಳುಂ ಅನಿಸಿಬಿಡುತ್ತೇನೆ.

ಅವರ ಬಾಗಿಲು ತಟ್ಟಿದ್ದು ಯೂಲಿಯೆಟ್‌ಳಿಗಾಗಿ. ನನ್ನ ಹೆಂಡತಿ ಕಾರಿನ್ ನರ್ಸು, ಅವಳಿ ಮಕ್ಕಳಿಗೆ ಆರು ವರ್ಷ. ಮಕ್ಕಳನ್ನು ನೋಡಿಕೊಳ್ಳುತ್ತ ಒಂದು ವರ್ಷ ನಮ್ಮ ಜೊತೆಗೇ ಇರಲು ಕೊಲಂಬಿಯಾದಿಂದ ಬಂದ ಓ ಪೇರ್ ಹುಡುಗಿ ಯೂಲಿಯೆಟ್. ತನ್ನೂರು ಬಾರಾಂಕೀಯಾದ ಸೆಕೆಯಿಂದ ನೇರ ನಮ್ಮ ಜನವರಿಗೆ ಇಳಿದಳು. ಮೊದಲ ದಿನ ಮೂಗಿನೊಳಗೇ ಮಂಜುಗಟ್ಟಿದ್ದಕ್ಕೆ ಗಾಬರಿಯಾಗಿ ಅತ್ತಳು. ಮಕ್ಕಳು ಅವಳನ್ನು ಸಮಾಧಾನ ಮಾಡಲು ಹೋಗಿ ಅವಳಿಗೇ ಅಂಟಿಕೊಂಡರು. ತೊಂದರೆ ಇದ್ದಿದ್ದು ಕಾರು ಓಡಿಸುವುದರಲ್ಲಿ. ಅವಳ ಊರಿನಲ್ಲಿ ಮೊದಲು ಮೂತಿ ತೂರಿಸಿದವನದೇ ರಸ್ತೆಯಂತೆ. ವಾರದೊಳಗೆ ರಸ್ತೆ ಬದಿಯ ನಮ್ಮ ಅಂಚೆ ಡಬ್ಬಿ ಅವಳು ಗುದ್ದಿದ ಏಟಿಗೆ ನೆಲಕ್ಕೆ ಮಲಗಿತು.

"ಮೂರು ವಾರ ಟೈಮು, ಡ್ವೇನ್," ಎಂದಳು ಕಾರಿನ್. "ಅಷ್ಟರಲ್ಲಿ ಮಕ್ಕಳನ್ನ ಅವಳು ಓಡಿಸೋ ಕಾರಲ್ಲಿ ಕಳಿಸೋ ಧೈರ್ಯ ನಂಗೆ ಬರ್ಲಿಲ್ಲ ಅಂದ್ರೆ ಏಜೆನ್ಸಿಗೆ ಫೋನ್ ಮಾಡ್ತೀನಿ. ಪಾಪ, ವಾಪಸ್ ಹೋಗ್ಲಿ."

ಕಾರು ಮಾರುವವನಿಗೆ ಕಾರು ಕಲಿಸಲು ಬರುವುದಿಲ್ಲವೇ? ನಾನೇ ಕಲಿಸಿದೆ. ನಾಲ್ಕೂ ಕಡೆ 'ನಿಲ್ಲಿ' ಫಲಕವಿರುವ ಕೂಡುರಸ್ತೆಯಲ್ಲಿ ನಿಲ್ಲಿಸಿ ಹೇಳಿದೆ: "ಮೊದಲು ಬಂದವರು ಮೊದಲು ಹೋಗ್ಬೇಕು, ಅದು ಕಾನೂನು. ಆದ್ರೆ ನಮ್ಮೂರಲ್ಲಿ ಎದುರಿನವ್ರು ಕೈ ಬೀಸ್ತಾರೆ. ಬೀಸಿದ್ರೆ ಹೋಗ್ಬಿಡು. ಇಲ್ದಿದ್ರೆ ಬೇಜಾರು ಮಾಡ್ಕೋತಾರೆ."

ನಮ್ಮೂರಿನ ರೋಗವೇ ಇದು. ನಾಲ್ಕು ಕಾರು ಸೇರಿದರೆ ನಾಲ್ವರೂ 'ನೀವು ಹೋಗಿ, ಇಲ್ಲ ನೀವು ಹೋಗಿ' ಎಂದು ಕೈ ಬೀಸುತ್ತ ಕಾಫಿ ಆರುವವರೆಗೆ ಕೂತಿರುತ್ತೇವೆ. ಮರುದಿನ ಎದುರಿನ ಕಾರಿನಿಂದ ನಮ್ಮ ಚರ್ಚಿನ ಪಾಸ್ಟರ್ ಓಡೆಗಾರ್ಡ್ ಕೈ ಬೀಸಿದರು. ಯೂಲಿಯೆಟ್ ನುಗ್ಗಿದಳು. ಪಕ್ಕದಿಂದ ಬಂದ ಹಾಲಿನ ಟ್ಯಾಂಕರು ನಮ್ಮ ಬಂಪರಿಗೆ ಗೇಣು ದೂರದಲ್ಲಿ ನಿಂತಿತು. ಪಾಸ್ಟರ್ ಪ್ರಾರ್ಥನೆಗೆ ತೊಡಗಿದರು. ನಾನು ಮಿಸೆಸ್ ಕ್ವಾಮ್ ಮನೆಗೆ ಹೋದೆ.

"ಕೈ ಬೀಸಿದ್ರೆ ಹೋಗು ಅಂತ ಹೇಳ್ಕೊಟ್ಟವನು ಯಾವನು?"

"ನಾನೇ, ಮಿಸೆಸ್ ಕ್ವಾಮ್."

"ಅಂದ್ಕೊಂಡೆ. ಇನ್ನೂ ಅದೇ ಚೂಯಿಂಗ್ ಗಮ್ ಬುದ್ಧಿ."

ಕಲಿಸಲು ಒಪ್ಪಿದರೂ ಮೊದಲ ಮೂರು ದಿನ ಅವರು ಕಾರಿನ ಕೀಲಿಯನ್ನೇ ಕೊಡಲಿಲ್ಲ. ಹುಡುಗಿಯನ್ನು ಅಡುಗೆಮನೆಯಲ್ಲಿ ಕೂರಿಸಿ, ಮಾಂಸದ ಮೇಲೆ ಆಲೂಗಡ್ಡೆ ಹೊದಿಸಿ ಬೇಯಿಸಿದ ಹಾಟ್‌ಡಿಶ್ ಬಡಿಸಿದರು. ನಾವು ಮಸಾಲೆ ಅನ್ನುವುದು ಉಪ್ಪಿಗೆ. ಯೂಲಿಯೆಟ್ ಚೀಲದಿಂದ ಮೆಣಸಿನಕಾಯಿ ಸಾಸಿನ ಶೀಸೆ ತೆಗೆದಳು. ಮಿಸೆಸ್ ಕ್ವಾಮ್ ಒಂದು ಚಮಚ ಬಾಯಿಗಿಟ್ಟು, ಎರಡು ನಿಮಿಷ ಗೋಡೆ ನೋಡಿ, "ಇದಕ್ಕೆ ಸ್ಪೀಡ್ ಲಿಮಿಟ್ ಇಲ್ವೇನೇ?" ಎಂದರು. ಆ ಹುಡುಗಿ ನಮ್ಮ ಊರಿನಲ್ಲಿ ಮೊದಲ ಸಲ ಬಿದ್ದೂ ಬಿದ್ದೂ ನಕ್ಕಳು.

ನಾಲ್ಕನೇ ದಿನ ಹೆಪ್ಪುಗಟ್ಟಿದ ಕೆರೆಯ ಮೇಲೆ, ಮಂಜುಗಡ್ಡೆಗೆ ತೂತು ಕೊರೆದು ಮೀನು ಹಿಡಿಯುವವರ ಗುಡಿಸಲುಗಳಾಚೆ ಬಯಲಿಗೆ ಕರೆದೊಯ್ದು, ಜಾರುವ ಕಾರನ್ನು ಹಿಡಿಯುವುದನ್ನು ಕಲಿಸಿದರು.

"ದೋನ್ಯಾ ವರ್ನಾ," ಎಂದಳು ಯೂಲಿಯೆಟ್. ಹಿರಿಯ ಹೆಂಗಸರನ್ನು ಅವಳ ಕಡೆ ಕರೆಯುವುದು ಹಾಗೆ. "ಕೆಳಗಡೆ ನೀರಿದ್ಯಾ?"

"ಇದೆ. ಅದಕ್ಕೇ ಬ್ರೇಕ್ ಮೇಲೆ ಕುಣೀಬೇಡ ಅನ್ನೋದು."

ಆಮೇಲೆ ಕೂಡುರಸ್ತೆ. "ಅವರ ಕೈನ ಅವರ ಹೆಂಡ್ತೀರು ನೋಡ್ಕೊಳ್ಲಿ. ನೀನು ಚಕ್ರ ನೋಡು. ನಾಲ್ಕೂ ಕಡೆ ಚಕ್ರ ನಿಂತಿದ್ಯಾ? ದೂರದಿಂದ ಯಾರೂ ಬರ್ತಿಲ್ವಾ? ನಿನ್ನ ಸರದಿನಾ? ಆಗ ಹೋಗು. ಯಾರಾದ್ರೂ ಕೈ ಬೀಸಿದ್ರೆ ನಕ್ಕು ತಲೆ ಅಲ್ಲಾಡ್ಸು."

ಊರಿಗೆ ಊರೇ ನೊಂದುಕೊಂಡಿತು. ಪಾಸ್ಟರ್ ನನ್ನ ಅಂಗಡಿಗೇ ಬಂದು, "ಹುಡುಗಿ ಒಳ್ಳೆಯವಳೇ, ಡ್ವೇನ್. ಆದ್ರೆ ಕೊಟ್ಟಿದ್ದನ್ನ ತಗೊಳ್ಳಲ್ವಲ್ಲ," ಎಂದು ಕೊರಗಿದರು.

ಮೂರನೇ ವಾರದ ಕೊನೆಯ ದಿನ ಕಾರಿನ್‌ಳ ಪರೀಕ್ಷೆ. ಯೂಲಿಯೆಟ್ ಕೈಯಲ್ಲಿ ಸ್ಟೇರಿಂಗ್, ಪಕ್ಕದಲ್ಲಿ ಕಾರಿನ್, ಹಿಂದೆ ಮಕ್ಕಳು. ಕೂಡುರಸ್ತೆಯ ಮೂಲೆಯಲ್ಲಿ ಮಿಸೆಸ್ ಕ್ವಾಮ್ ಕೈಕಟ್ಟಿ ನಿಂತಿದ್ದರು. ಅಂಗಡಿಯಿಂದ ಊಟಕ್ಕೆ ಹೊರಟ ನಾನು ಅವರಿಗಿಂತ ಒಂದು ಕ್ಷಣ ಮೊದಲೇ ಎದುರುಗಡೆ ಕಾರು ತಂದು ನಿಲ್ಲಿಸಿದ್ದೆ. ಮೊದಲು ಬಂದವನು ನಾನೇ, ಸರದಿ ನನ್ನದೇ. ಆದರೂ ಕೈ ತಾನಾಗಿಯೇ ಎದ್ದು ಬೀಸಿತು. ಮಕ್ಕಳು ತಿರುಗಿ ಕೈ ಬೀಸಿದರು. ಯೂಲಿಯೆಟ್ ನಕ್ಕು ತಲೆ ಅಲ್ಲಾಡಿಸಿದಳು. ನನಗೆ ರೇಗಿತು. ನನ್ನ ಕಾರು, ನನ್ನ ಮಕ್ಕಳು, ನನ್ನ ಮರ್ಯಾದೆಗೇ ಬೆಲೆಯಿಲ್ಲವೇ? ಎರಡೂ ಕೈ ಎತ್ತಿ ಬೀಸಿದೆ. ಅವಳು ಕದಲಲಿಲ್ಲ.

ಬಲಗಡೆಯಿಂದ ಪಿಕಪ್ಪೊಂದು ಬಂತು. ಫಲಕದ ಬಳಿ ಬ್ರೇಕು ಒತ್ತಿದರೂ ಮಂಜಿನ ಮೇಲೆ ಅಡ್ಡಡ್ಡ ಜಾರುತ್ತ ಕೂಡುರಸ್ತೆಯ ನಟ್ಟನಡುವೆ ಹಾದು ಆಚೆಯ ಹಿಮದ ಗುಡ್ಡೆಯೊಳಗೆ ಹೊಕ್ಕಿತು. ನಾನು ಕೈ ಬೀಸಿ ನನ್ನ ಮಕ್ಕಳನ್ನು ಕರೆಯುತ್ತಿದ್ದದ್ದು ಆ ನಡುವಿಗೇ. ಪಿಕಪ್ಪಿನವನು ಮೈ ಕೊಡವಿಕೊಂಡು ಇಳಿದು, ಎಲ್ಲರ ಕ್ಷಮೆ ಕೇಳಿ, 'ನೀವು ಹೋಗಿ' ಎಂದು ನಮಗೆಲ್ಲ ಕೈ ಬೀಸಿದ. ಯಾರೂ ಹೋಗಲಿಲ್ಲ.

ಮಿಸೆಸ್ ಕ್ವಾಮ್ ಕುಂಟುತ್ತ ಬಂದು ನನ್ನ ಕಿಟಕಿ ತಟ್ಟಿದರು. "ಕೈ ಇಳಿಸು, ಡ್ವೇನ್."

ನನ್ನ ಕೈ ಇನ್ನೂ ಮೇಲೆಯೇ ಇತ್ತು. ಇಳಿಸಿದೆ.

ಕಾರಿನ್ ಏಜೆನ್ಸಿಗೆ ಫೋನ್ ಮಾಡಲಿಲ್ಲ. ಯೂಲಿಯೆಟ್ ನಮ್ಮಲ್ಲೇ ಉಳಿದಳು. ನನ್ನ ಇಬ್ಬರು ಮಕ್ಕಳು ದಿನವೂ ಮೂರೂಮುಕ್ಕಾಲಿಗೆ ಶಾಲೆಯಿಂದ ಮನೆಗೆ ಬರುತ್ತಾರೆ. ಅವರು ಬದುಕಿದ್ದಾರೆ, ಅದಕ್ಕೆ ನಾನು ಮಿಸೆಸ್ ವರ್ನಾ ಕ್ವಾಮ್ ಅವರಿಗೆ ಋಣಿ.