ರಷ್ಯನ್ ನಾಟಕದ ಚನ್ನಬಸಪ್ಪ ಮೇಷ್ಟ್ರು

ಹಾಸ್ಯನಾಟಕ ಓದುವಾಗ ಕ್ಲಾಸೆಲ್ಲ ನಕ್ಕರೆ ನಮ್ಮ ಚನ್ನಬಸಪ್ಪ ಮೇಷ್ಟ್ರು ಪುಸ್ತಕ ಮಡಚಿ, ಕನ್ನಡಕ ತೆಗೆದು, ನಗು ನಿಲ್ಲುವವರೆಗೂ ಕಾಯುತ್ತಿದ್ದರು. ಆಮೇಲೆ ಯಾರಾದರೊಬ್ಬರನ್ನು ಎಬ್ಬಿಸಿ, ಈಗ ನಕ್ಕದ್ದು ಯಾರನ್ನು ನೋಡಿ ಎಂದು ಕೇಳುವರು.

ಅವರು ಮಗ್ಗೆ ಎಂಬ ಹಳ್ಳಿಯವರು. ತೊಂಬತ್ತರ ದಶಕದಲ್ಲಿ ಆಲೂರಿನ ನಮ್ಮ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಶನಿವಾರ ಪಾಠ ಮುಗಿದ ಮೇಲೆ ರಷ್ಯದ ಹಳೆಯ ನಾಟಕಗಳನ್ನು ನಿಂತಲ್ಲೇ ಕನ್ನಡ ಮಾಡಿ ಓದುವರು. ಅವರ ಬಾಯಲ್ಲಿ ಅಲ್ಲಿನ ಜಮೀನ್ದಾರ ಸಾಹುಕಾರನಾಗುತ್ತಿದ್ದ, ಗುಮಾಸ್ತ ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಆಗುತ್ತಿದ್ದ.

ಒಂದು ವರ್ಷ ವಾರ್ಷಿಕೋತ್ಸವಕ್ಕೆ ಅಂಥದೇ ಒಂದು ನಾಟಕ ಆಡಿಸಿದರು. ಜಂಬದ ಸಾಹುಕಾರ, ಅವನ ಮುದಿ ಆಳು. ಹುಡುಗಿಯಾದರೂ ಆಳಿನ ಪಾತ್ರ ನನಗೆ ಬಂತು. ತಾಲೀಮಿನಲ್ಲಿ ಇಲ್ಲದ್ದನ್ನು ನಾನು ವೇದಿಕೆಯ ಮೇಲೆ ಮಾಡಿದೆ: ಕಾಲೇಜಿನ ಅಟೆಂಡರ್ ಪುಟ್ಟಯ್ಯನವರಂತೆ ಉಗ್ಗಿ ಮಾತಾಡಿದೆ. ಜನ ಬಿದ್ದು ಬಿದ್ದು ನಕ್ಕರು.

ಬಣ್ಣ ಒರೆಸಿಕೊಳ್ಳುತ್ತಿದ್ದಾಗ ಮೇಷ್ಟ್ರು ಬಂದರು. ಬೈಯುತ್ತಾರೆಂದುಕೊಂಡೆ. "ಆಳಿನ ನಾಲಿಗೆ ನೋಡಿ ನಗ್ಲಿ ಅಂತ ಬರ್ದಿಲ್ಲ ಕಣಮ್ಮ," ಎಂದರು ಮೆಲ್ಲಗೆ. "ಅವ್ನಿಲ್ದಿದ್ರೆ ಸಾಹುಕಾರಂಗೆ ಬೂಟ್ ಹಾಕ್ಕಳಕ್ಕೂ ಬರಲ್ಲ. ನಗು ಇರೋದು ಅಲ್ಲಿ."

ಮರುದಿನ ಪುಟ್ಟಯ್ಯನವರ ಬಳಿ ಹೋಗಿ ತಪ್ಪಾಯಿತೆಂದೆ. ಅವರು ಬೆಂಚು ಒರೆಸುವುದನ್ನು ನಿಲ್ಲಿಸಲಿಲ್ಲ. "ಚೆ... ಚೆನ್ನಾಗ್ ಮಾಡ್ದೆ ಕಣವ್ವ. ನನ್ ಮಗ್ಳು ಮಾತ್ರ ಅತ್ಬುಟ್ಲು."

ಸಕಲೇಶಪುರದಲ್ಲಿ ಎರಡನೇ ಪ್ರದರ್ಶನವಿತ್ತು. ನಾನು ಒಲ್ಲೆನೆಂದೆ, ಮೇಷ್ಟ್ರು ಬಿಡಲಿಲ್ಲ. ಅಲ್ಲಿ ಆಳಿನ ಮಾತನ್ನು ಉಗ್ಗದೆ, ಸಮಾಧಾನವಾಗಿ ಆಡಿದೆ. ಬೂಟಿಗಾಗಿ ಕಾಲು ಚಾಚಿ ಕೂತ ಸಾಹುಕಾರನನ್ನು ನೋಡಿ ಜನ ನಕ್ಕರು. ಮುಂದಿನ ಸಾಲಿನ ಕಾಫಿ ಪ್ಲಾಂಟರುಗಳು ಸ್ವಲ್ಪ ತಡವಾಗಿ ನಕ್ಕರು. ಪುಟ್ಟಯ್ಯನವರು ಮಗಳನ್ನೂ ಕರೆತಂದಿದ್ದರು. ಅವಳು ನಕ್ಕಳೋ ಇಲ್ಲವೋ ನನಗೆ ಕಾಣಲಿಲ್ಲ. ನಾಟಕ ಮುಗಿದ ಮೇಲೆ ಹತ್ತಿರ ಬಂದು, ನನ್ನ ಅಂಟಿಸಿದ ಮೀಸೆಯನ್ನು ಬೆರಳಿನಿಂದ ಮುಟ್ಟಿ ನೋಡಿದಳು.

ಮೇಷ್ಟ್ರನ್ನು ಕೊನೆಯ ಸಲ ಕಂಡದ್ದು ಹತ್ತು ವರ್ಷದ ಮೇಲೆ, ಆಲೂರಿನ ಬಸ್ ಸ್ಟ್ಯಾಂಡಿನಲ್ಲಿ. ಕಣ್ಣಿನ ಆಪರೇಷನ್ನಿಗೆಂದು ಹಾಸನದ ಬಸ್ಸು ಹತ್ತಿ ಕೂತಿದ್ದರು. ಕಿಟಕಿಯ ಬಳಿ ಹೋದೆ. ಕುಶಲ ಕೇಳುವುದನ್ನೂ ಬಿಟ್ಟು ಆ ನಾಟಕದ ಮಾತೆತ್ತಿದರು. "ನಾನು ಆ ಸಾಹುಕಾರಂಗೆ ಅನ್ಯಾಯ ಮಾಡ್ಬುಟ್ಟೆ ಕಣಮ್ಮ. ಎಲ್ರೂ ನಗ್ತಾರೆ ಅಂತ ಅವ್ನಿಗೂ ಗೊತ್ತೈತೆ. ಗೊತ್ತಿದ್ದೇ ಬದುಕ್ತಾನೆ, ಪಾಪ."

ನಾನು ಒಪ್ಪುವುದಿಲ್ಲ ಎಂದೆ. ಅವರಿಗೆ ಎಲ್ಲಿಲ್ಲದ ಖುಷಿಯಾಯಿತು. ಮಗ್ಗೆಗೆ ಬಾ, ಕೂತು ಜಗಳ ಆಡೋಣ ಎನ್ನುತ್ತಿರುವಾಗಲೇ ಬಸ್ಸು ಹೊರಟಿತು.

ಇವತ್ತು ನಾಳೆ ಎನ್ನುತ್ತ ಎರಡು ವರ್ಷ ಕಳೆದೆ. ಕೊನೆಗೆ ಮಗ್ಗೆಗೆ ಹೋದದ್ದು ಅವರನ್ನು ಮಣ್ಣು ಮಾಡುವ ದಿನ. ಅಷ್ಟರಲ್ಲಿ ಸಾಹುಕಾರನ ಬಗ್ಗೆ ಅಂದು ಬಸ್ಸಿನಲ್ಲಿ ಅವರು ಹೇಳಿದ್ದೇ ಸರಿಯೆಂದು ನನಗೂ ಅನ್ನಿಸತೊಡಗಿತ್ತು.