ವೇದಿಕೆಯ ಕೆಳಗೆ ನುಸುಳುತ್ತಿದ್ದ ಇಂಜಿನಿಯರರು

ಹೊಸ ಟಾರ್ಪಾಲಿನ ವಾಸನೆ ಮೂಗಿಗೆ ಬಡಿದರೆ ಸಾಕು, ನನಗೆ ಇವತ್ತಿಗೂ ಪಿತ್ತ ನೆತ್ತಿಗೇರುತ್ತದೆ. ಮೊನ್ನೆ ಸೊರಬದಲ್ಲಿ ನನ್ನ ನೃತ್ಯಶಾಲೆಯ ಮಕ್ಕಳ ಕಾರ್ಯಕ್ರಮಕ್ಕೆ ಶಾಮಿಯಾನ ಹಾಕುತ್ತಿದ್ದರು. ಆ ವಾಸನೆ ಬಂತು, ಅದರ ಬೆನ್ನಿಗೇ ಆ ಇಂಜಿನಿಯರರೂ ನೆನಪಿಗೆ ಬಂದರು… ಅಂಗಿಯ ತೋಳು ಮಡಚಿ, ಟಾರ್ಚು ಹಿಡಿದು, ವೇದಿಕೆಯ ಕೆಳಗೆ ನುಸುಳಲು ಸಿದ್ಧರಾಗಿ.

ಅವರು ನೀರಾವರಿ ಇಲಾಖೆಯಿಂದ ನಿವೃತ್ತರಾದ ಇಂಜಿನಿಯರರು. ಅಂಜನಾಪುರದ ಕಾಲುವೆಗಳ ಮೇಲೆ ಓಡಾಡಿ ಓಡಾಡಿ ಕಡೆಗೆ ಶಿಕಾರಿಪುರದಲ್ಲೇ ಮನೆ ಮಾಡಿಕೊಂಡಿದ್ದರು. ಹಾಡುವ, ಕುಣಿಯುವ, ತಬಲಾ ನುಡಿಸುವ ಬಡಮನೆಯ ಮಕ್ಕಳಿಗೆ ತಮ್ಮ ಪಿಂಚಣಿಯಿಂದ ವಿದ್ಯಾರ್ಥಿವೇತನ ಕೊಡುತ್ತಿದ್ದರು. ನಾನು ಸೊರಬದ ಹುಡುಗಿ, ಅಮ್ಮ ಹೊಲಿಗೆ ಹಾಕಿ ಮನೆ ನಡೆಸುತ್ತಿದ್ದಳು. ಶಿಕಾರಿಪುರದಲ್ಲಿ ಗುರುಗಳ ಹತ್ತಿರ ಭರತನಾಟ್ಯ ಕಲಿಯಲು ಬಸ್ಸಿನ ಪಾಸಿನಿಂದ ಹಿಡಿದು ಕಾಲಿನ ಗೆಜ್ಜೆಯವರೆಗೆ ಎಲ್ಲವೂ ಅವರದೇ. ಇದಕ್ಕೆಲ್ಲ ಅವರು ಕೇಳುತ್ತಿದ್ದದ್ದು ಒಂದೇ. ತಾವು ಪರೀಕ್ಷೆ ಮಾಡಿ ಪಾಸು ಮಾಡದ ವೇದಿಕೆಯನ್ನು ನಾವು ಯಾರೂ ಹತ್ತುವಂತಿಲ್ಲ!

ಅಯ್ಯೋ, ಆ ಪರೀಕ್ಷೆ! ಕಾರ್ಯಕ್ರಮಕ್ಕೆ ಮುಂಚೆ ಬಂದು ಹಲಗೆ ಹಲಗೆಯ ಮೇಲೂ ಹಿಮ್ಮಡಿಯಿಂದ ಕುಟ್ಟುವುದು, ಹಗ್ಗದ ಗಂಟು ಎಳೆದು ನೋಡುವುದು, ಆಮೇಲೆ ಕೆಳಗೆ ನುಸುಳುವುದು. ಮೇಲೆ ಸ್ವಾಗತ ಭಾಷಣ ಶುರುವಾದರೂ ಕೆಳಗಿನಿಂದ ಇವರ ಟಾರ್ಚಿನ ಬೆಳಕು ಸಂದಿಗಳಲ್ಲಿ ಇಣುಕುತ್ತಿತ್ತು. ಸಂಘಟಕರು ಹಣೆ ಚಚ್ಚಿಕೊಳ್ಳುತ್ತಿದ್ದರು. ಮುಖಕ್ಕೆ ಬಣ್ಣ ಬಳಿದುಕೊಂಡು ನಿಂತ ನಮಗೆ ನಾಚಿಕೆಯಿಂದ ಜೀವ ಹೋಗುತ್ತಿತ್ತು. ಬೈಯೋಣವೆಂದರೆ ಅನ್ನದ ಋಣದಂಥ ಋಣ, ಸುಮ್ಮನಿರೋಣವೆಂದರೆ ಆಗದು.

ಒಂದು ರಾಜ್ಯೋತ್ಸವಕ್ಕೆ ಶಿಕಾರಿಪುರಕ್ಕೆ ಮೈಸೂರಿನಿಂದ ದೊಡ್ಡ ನೃತ್ಯಗುರುಗಳೊಬ್ಬರು ಬಂದರು. ತಮ್ಮ ಗುರುಕುಲಕ್ಕೆ ಒಬ್ಬಳೇ ಒಬ್ಬ ಹುಡುಗಿಯನ್ನು ಆರಿಸಿಕೊಂಡು ಹೋಗಲೆಂದೇ ಬಂದಿದ್ದರು. ಊಟ, ವಸತಿ, ಪಾಠ, ಎಲ್ಲ ಅವರದು. ನಾನು ತಿಂಗಳುಗಟ್ಟಲೆ ಆ ದಿನಕ್ಕಾಗಿಯೇ ಕಾದಿದ್ದೆ. ಅಮ್ಮ ಹೊಲಿಗೆ ಬಿಟ್ಟು ಜೊತೆಗೆ ಬಂದಿದ್ದಳು.

ಖಾಲಿ ಡ್ರಮ್ಮುಗಳ ಮೇಲೆ ಹಲಗೆ ಹಾಸಿ ವೇದಿಕೆ ಕಟ್ಟಿದ್ದರು. ಇಂಜಿನಿಯರರು ಕೆಳಗೆ ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ಕಡೆಗೆ ತಲೆಯ ತುಂಬ ಧೂಳು ಮಾಡಿಕೊಂಡು ಹೊರಬಂದು, ನನ್ನ ಹುಡುಗಿ ಇದರ ಮೇಲೆ ಕುಣಿಯೋದಿಲ್ಲ ಎಂದುಬಿಟ್ಟರು. ಸಂಘಟಕರಿಗೆ ರೇಗಿಹೋಯಿತು.

“ಸರ, ಇದೇನ್ ನಿಮ್ಮ ಡ್ಯಾಮೇನ್ರಿ? ನಾಕ್ ಹಲಗಿ ಐತಿ, ಅಷ್ಟ.”

ಇವರು ಜಪ್ಪಯ್ಯ ಎಂದರೂ ಜಗ್ಗಲಿಲ್ಲ. ಬೇಕಾದರೆ ನೆಲದ ಮೇಲೆ ಕುಣಿಯಲಿ ಎಂದರು. ಅಮ್ಮ ಕೈಮುಗಿದಳು, ನಾನು ಅತ್ತೆ, ಕಾಡಿಗೆಯೆಲ್ಲ ಕೆನ್ನೆಗಿಳಿಯಿತು. ಕೊನೆಗೆ ವೇದಿಕೆಯ ಮುಂದೆ ಜಮಖಾನ ಹಾಸಿದರು. ಅದು ಕಾಲಡಿಯಲ್ಲಿ ಜಾರುತ್ತಿತ್ತು, ಹಿಂದಿದ್ದ ಜನ ಕಾಣುತ್ತಿಲ್ಲವೆಂದು ಎದ್ದು ನಿಂತು ಕೂಗಾಡುತ್ತಿದ್ದರು. ನಾನು ತಾಳ ತಪ್ಪಿದೆ. ನನ್ನ ಬಳಿಕ, ಅವರ ಹಂಗಿಲ್ಲದ ಇನ್ನೊಬ್ಬ ಹುಡುಗಿ ಅದೇ ವೇದಿಕೆಯ ಮೇಲೆ ನೆಗೆದು ನೆಗೆದು ಕುಣಿದಳು. ಒಂದು ಹಲಗೆಯೂ ಮಿಸುಕಲಿಲ್ಲ. ಮೈಸೂರಿಗೆ ಅವಳು ಹೋದಳು.

ಸೊರಬದ ಬಸ್ಸಿನಲ್ಲಿ ಅಮ್ಮ ಸೆರಗಿನಿಂದ ನನ್ನ ಕೆನ್ನೆಯ ಕಾಡಿಗೆ ಒರೆಸಿದಳು. ನಾನು ಮಾತ್ರ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಅವರಿಗೆ ಹಿಡಿಶಾಪ ಹಾಕಿದೆ. ಆ ಪುಣ್ಯಾತ್ಮರೋ, ಏನೂ ಆಗಿಲ್ಲವೆಂಬಂತೆ ಮುಂದಿನ ತಿಂಗಳೂ ಗುರುಗಳಿಗೆ ನನ್ನ ಫೀಸು ಕಟ್ಟಿದ್ದರು. ನಾನು ಬಿಡಲಿಲ್ಲ, ಮನೆಗೇ ಹೋಗಿ, ಆ ವೇದಿಕೆ ನಿಂತಿತಲ್ಲ ಸರ್ ಎಂದು ಕೇಳಿದೆ.

“ನಿಂತಿತು. ಆದ್ರೆ ನಿಲ್ಲುತ್ತೆ ಅಂತ ನನಗೆ ಗೊತ್ತಿರಲಿಲ್ಲಮ್ಮ.”

ಅಷ್ಟೇ. ಒಂದು ಕ್ಷಮೆಯಿಲ್ಲ, ಪಶ್ಚಾತ್ತಾಪವಿಲ್ಲ. ಇಂಥವರ ಹತ್ತಿರ ಏನೆಂದು ಜಗಳವಾಡುವುದು?

ವಿದ್ವತ್ ಪರೀಕ್ಷೆಯವರೆಗೂ ಅವರೇ ಓದಿಸಿದರು. ಸೊರಬದಲ್ಲಿ ನನ್ನದೇ ಶಾಲೆ ತೆರೆದ ದಿನ ನಾನು ಕುಣಿದೆ. ಆ ಹೊತ್ತಿಗೆ ಅವರಿಗೆ ಮೊಣಕಾಲು ಸೋತಿತ್ತು, ನುಸುಳಲು ಆಗುತ್ತಿರಲಿಲ್ಲ. ವೇದಿಕೆಯ ಪಕ್ಕಕ್ಕೆ ಕುರ್ಚಿ ಎಳೆಸಿಕೊಂಡು, ತಲೆ ತಗ್ಗಿಸಿ, ಕಿವಿಯನ್ನು ಹಲಗೆಯ ಕಡೆಗೇ ಕೊಟ್ಟು ಕೂತಿದ್ದರು. ಮುಗಿದ ಮೇಲೆ ಹತ್ತಿರ ಹೋದರೆ, ಬಲಗಡೆಯ ಹಲಗೆ ಸದ್ದು ಮಾಡ್ತಿದೆ, ಮೊಳೆ ಹೊಡೆಸು ಎಂದರು. ನನಗೆ ತಡೆಯಲಾಗಲಿಲ್ಲ. ಇಷ್ಟು ವರ್ಷ ಫೀಸು ಕಟ್ಟಿ ಕಲಿಸಿದಿರಿ, ಒಂದು ಸಲವಾದರೂ ನನ್ನ ನೃತ್ಯ ಹೇಗಿತ್ತು ಅಂತ ಹೇಳಬಾರದಾ ಸರ್ ಎಂದೆ.

ಅವರಿಗೆ ನಿಜಕ್ಕೂ ಆಶ್ಚರ್ಯವಾಯಿತು.

“ಅದನ್ನ ನೋಡೋಕೆ ಅಷ್ಟು ಜನ ಇದ್ರಲ್ಲಮ್ಮ.”

ಹೋದ ವರ್ಷ ಅವರು ತೀರಿಕೊಂಡರು. ಮೈಸೂರು ತಪ್ಪಿಸಿದ ಸಿಟ್ಟು ನನಗಿನ್ನೂ ಇಳಿದಿಲ್ಲ, ಇಳಿಯುವುದೂ ಬೇಡ. ಆದರೆ ಆ ಸಿಟ್ಟನ್ನು ತೋರಿಸಲು ಈಗ ಅವರೇ ಇಲ್ಲವಲ್ಲ… ಅದಕ್ಕೆ ಅಳು ಬರುತ್ತದೆ.

ಮೊನ್ನೆ ಮಕ್ಕಳು ಬಹಳ ಚೆನ್ನಾಗಿ ಕುಣಿದರಂತೆ. ಅಪ್ಪ ಅಮ್ಮಂದಿರೆಲ್ಲ ಬಂದು ಹೇಳಿದರು, ಮೊಬೈಲಿನಲ್ಲಿ ತೋರಿಸಿದರು. ನಾನು ನೋಡಲೇ ಇಲ್ಲ. ಕೊನೆಯವರೆಗೂ ವೇದಿಕೆಯ ಪಕ್ಕದಲ್ಲಿ ತಲೆ ತಗ್ಗಿಸಿ, ಹಲಗೆಯ ಸದ್ದು ಕೇಳುತ್ತಾ ನಿಂತಿದ್ದೆ.